ಕಸ್ಟಮ್ ಗಿಟಾರ್ ಮಾಡಿಸಲು ಮನೆಯ ಮರ ಕೊಡುವ ಮೊದಲು ಇದನ್ನು ಓದಿ

ಇದನ್ನು ಬರೆಯಲು ನನಗೆ ನಾಚಿಕೆ ಆಗುತ್ತಿದೆ. ಹನ್ನೆರಡು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಆದರೂ ಮೋಸ ಹೋದೆ. ದುಡ್ಡು ಹೋಗಿದ್ದಕ್ಕಿಂತ ಮರ ಹೋಗಿದ್ದು ಜಾಸ್ತಿ ನೋವು. ಅಜ್ಜನ ಮನೆಯ ಬೀಟೆ ಮರ ಅದು. ಇನ್ನೊಮ್ಮೆ ಎಲ್ಲಿಂದ ತರಲಿ?

ಕೊಪ್ಪದ ಹತ್ತಿರ ನಮ್ಮ ಅಜ್ಜನ ಹಳೆಯ ಮನೆ ಇತ್ತು. 2022ರ ಮಳೆಗಾಲದಲ್ಲಿ ಒಂದು ಗೋಡೆ ಕುಸಿಯಿತು, ಮಾರನೇ ವರ್ಷ ಪೂರ್ತಿ ಕೆಡವಿದರು. ಉಗ್ರಾಣದ ಬಾಗಿಲು ಬೀಟೆಯದು. ಎರಡೇ ಹಲಗೆ. ಒಂದೊಂದೂ ಐದಡಿ ಉದ್ದ, ಹದಿಮೂರು ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಪೂರ್ತಿ ಚೇಗು, ಅಂದರೆ ಮರದ ನಡುವಿನ ಗಟ್ಟಿ ಕಪ್ಪು ಭಾಗ. ಒಂದು ಕಡೆಯೂ ಬಿಳಿ ಇಲ್ಲ. ಮಾವ ಹೇಳಿದರು, "ಈ ಅಗಲದ ಹಲಗೆ ಈಗ ಎಲ್ಲೂ ಸಿಗಲ್ಲ ಮಾರಾಯ, ನೀನೇ ಇಟ್ಕೋ" ಅಂತ. ಕಾರಿನ ಸೀಟು ಮಡಚಿ ಬೆಂಗಳೂರಿಗೆ ತಂದೆ.

ಅಮೆರಿಕದ ಬೇಸ್ ವಾದಕ ಸ್ಟಾನ್ಲಿ ಕ್ಲಾರ್ಕ್ ಕೈಯಲ್ಲಿರುವ ಅಲೆಂಬಿಕ್ ಕಂಪನಿಯ ಬೇಸ್ ನೋಡಿದವರಿಗೆ ನನ್ನ ಆಸೆ ಅರ್ಥವಾಗುತ್ತೆ. ಬಣ್ಣ ಬಳಿಯದೆ ಮರವೇ ಕಾಣುವ ಬೇಸ್. ಕಸ್ಟಮ್ ಗಿಟಾರ್ ಮಾಡುವ ಒಬ್ಬ ಮೇಕರ್‌ಗೆ ನಾನು ಹೇಳಿದ್ದು ಇಷ್ಟು: 34 ಇಂಚು ಸ್ಕೇಲ್ (ತಂತಿ ಮಿಡಿಯುವ ಉದ್ದ), ನಾಲ್ಕು ತಂತಿ, ಬಾಡಿಗೆ ಹಲಸು, ಅದರ ಮೇಲೆ ನಮ್ಮ ಬೀಟೆಯ 6 ಮಿಲಿಮೀಟರ್ ಟಾಪ್. ವೀಣೆಗೆ ಹಲಸು ಬಳಸುತ್ತಾರಲ್ಲ, ಆ ಆಸೆಯೂ ಇತ್ತು. ಹಲಗೆಯನ್ನು ಪುಸ್ತಕ ಬಿಚ್ಚಿದ ಹಾಗೆ ಸೀಳಿ ಜೋಡಿಸಿದರೆ ಎಡಬಲದ ಗೆರೆ ಒಂದಕ್ಕೊಂದು ಕನ್ನಡಿ ಹಿಡಿದಂತೆ ಬರುತ್ತೆ. ಅದಕ್ಕೆ ಒಂದು ಹಲಗೆಯ ಅರ್ಧ ಸಾಕು. ಮಿಕ್ಕಿದ್ದನ್ನೆಲ್ಲ ವಾಪಸ್ ಕೊಡಬೇಕು ಅಂತ ಮಾತಾಗಿತ್ತು. ಬಾಯಿ ಮಾತು. ಇದೇ ನನ್ನ ದೊಡ್ಡ ತಪ್ಪು.

ಇನ್ನೊಂದು ಕೇಳಿಕೊಂಡಿದ್ದೆ. ಒಂದು ಹಲಗೆಯಲ್ಲಿ ಎರಡು ಮೊಳೆಯ ತೂತು ಇದ್ದವು, ನಾಲ್ಕು ಬೆರಳು ದೂರದಲ್ಲಿ. ಒಂದರಲ್ಲಿ ಅಜ್ಜಿ ಪಂಚಾಂಗ ನೇತು ಹಾಕುತ್ತಿದ್ದರು, ಇನ್ನೊಂದರಲ್ಲಿ ಬೀಗದ ಕೈ. ತುಕ್ಕು ಇಳಿದು ಸುತ್ತಲೂ ಕಪ್ಪು ಉಂಗುರ ಕೂತಿತ್ತು. "ಈ ತೂತು ಎರಡೂ ಬ್ರಿಜ್ ಪಕ್ಕ ಕಾಣಬೇಕು" ಅಂದೆ. ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಭಾಗವೇ ಬ್ರಿಜ್. "ಖಂಡಿತ ಸರ್, ಅದೇ ಇದಕ್ಕೆ ಲಕ್ಷಣ" ಅಂದ ಆತ. ಫೋನಿನಲ್ಲಿ ಫೋಟೋ ಕೂಡ ತೆಗೆದುಕೊಂಡ.

ಒಟ್ಟು 95 ಸಾವಿರ. ಅಡ್ವಾನ್ಸ್ 50 ಸಾವಿರ ಕೊಟ್ಟೆ. ನಾಲ್ಕು ತಿಂಗಳು ಅಂದವನು ಹನ್ನೊಂದು ತಿಂಗಳು ಮಾಡಿದ. ತಡವಾಗುವುದು ಇದ್ದದ್ದೇ, ಕೈಕೆಲಸ ಅಲ್ವಾ ಅಂತ ಸುಮ್ಮನಿದ್ದೆ. ನಡುವೆ ಫೋಟೋ ಕೇಳಿದಾಗೆಲ್ಲ ನೆಕ್ಕಿನ, ಅಂದರೆ ಗಿಟಾರ್ ಕತ್ತಿನ ಫೋಟೋ ಬರುತ್ತಿತ್ತು, ಅದರ ಮೇಲೆ ಫ್ರೆಟ್ (ಅಡ್ಡ ಲೋಹದ ಪಟ್ಟಿ) ಕೂರಿಸುವ ಫೋಟೋ ಬರುತ್ತಿತ್ತು. ಹಲಗೆ ಸೀಳುವ ಫೋಟೋ ಒಂದೂ ಬರಲಿಲ್ಲ. ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಬೇಸ್ ಕೈಗೆ ಬಂತು. ಮೊಳೆ ತೂತು ಇಲ್ಲ. ಕೇಳಿದೆ. "ಆ ಭಾಗ ಸೀಳುವಾಗ ಒಡೆದೋಯ್ತು ಸರ್, ಅದೇ ಹಲಗೆಯ ಬೇರೆ ಕಡೆಯಿಂದ ಹಾಕಿದೀನಿ." ನಂಬಿದೆ. ಮಿಕ್ಕ ಮರ? "ಮುಂದಿನ ವಾರ ಕಳಿಸ್ತೀನಿ." ಅದನ್ನೂ ನಂಬಿದೆ. ಬಾಕಿ 45 ಸಾವಿರ ಅಲ್ಲೇ ಕೊಟ್ಟೆ. ಎರಡು ತಿಂಗಳು ಸಿಕ್ಕಿದವರಿಗೆಲ್ಲ ತೋರಿಸಿದೆ. ಊರಿಗೆ ಒಯ್ದು ಅಮ್ಮನಿಗೆ ತೋರಿಸಿದೆ. ಅಮ್ಮ ಕೈಯಾಡಿಸಿ, "ಉಗ್ರಾಣದ ಬಾಗಿಲು" ಅಂತ ಕಣ್ಣೊರೆಸಿಕೊಂಡರು.

ಆದರೆ ನುಡಿಸುವಾಗ ಹನ್ನೆರಡನೇ ಫ್ರೆಟ್ ದಾಟಿದರೆ ಸ್ವರ ಇರಬೇಕಾದ್ದಕ್ಕಿಂತ ಏರುತ್ತಿತ್ತು. ಬ್ರಿಜ್ ಮೇಲೆ ತಂತಿ ಕೂರುವ ಸ್ಯಾಡಲ್ ಪೂರ್ತಿ ಹಿಂದೆ ಎಳೆದರೂ ಸರಿ ಹೋಗಲಿಲ್ಲ. ತಲೆಯ ಕಡೆ ತಂತಿ ಕೂರುವ ನಟ್‌ನಿಂದ ಹನ್ನೆರಡನೇ ಫ್ರೆಟ್‌ವರೆಗೆ 17 ಇಂಚು ಸರಿಯಾಗಿಯೇ ಇತ್ತು. ಅಲ್ಲಿಂದ ಸ್ಯಾಡಲ್‌ಗೂ 17 ಇಂಚು ಸಿಗಬೇಕು, ಜೊತೆಗೆ ದಪ್ಪ ತಂತಿಗೆ ಕೂದಲೆಳೆ ಜಾಸ್ತಿ. ಬ್ರಿಜ್ ಕೂರಿಸುವಾಗಲೇ ಮುಂದೆ ಬಂದುಬಿಟ್ಟಿದೆ. ಗೊತ್ತಿರುವ ರಿಪೇರಿಯವರ ಹತ್ತಿರ ಒಯ್ದೆ. ವಯಸ್ಸಾದವರು, ಮೊದಲು ವೀಣೆ ಕೆಲಸ ಮಾಡಿದವರು. ತಂತಿ ಬಿಚ್ಚಿ, ತಂತಿಯ ಕಂಪನ ಹಿಡಿಯುವ ಪಿಕಪ್ ಮೇಲೆತ್ತಿ, ಅದು ಕೂರುವ ಗುಂಡಿಯೊಳಗೆ ಟಾರ್ಚ್ ಬಿಟ್ಟರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಇದು ಬೀಟೆ ಅಂತ ನಿಮಗೆ ಯಾರು ಹೇಳಿದ್ದು?"

ನಾನೂ ಬಗ್ಗಿ ನೋಡಿದೆ. ಪಿಕಪ್ ಗುಂಡಿಯ ಅಂಚಿನಲ್ಲಿ ಮರದ ಪದರ ಬರಿಗಣ್ಣಿಗೆ ಕಾಣುತ್ತೆ. 6 ಮಿಲಿಮೀಟರ್ ಕಪ್ಪು ಮರ ಇರಬೇಕಾದ ಜಾಗದಲ್ಲಿ ಕಾಗದದಷ್ಟು ತೆಳ್ಳಗಿನ ಒಂದು ಗೆರೆ. ವೆನೀರ್. ಬಾಗಿಲಿಗೆ, ಕಪಾಟಿಗೆ ಅಂಟಿಸುತ್ತಾರಲ್ಲ, ಅದು. ಅದರ ಕೆಳಗೆ ಮಾಸಲು ಬಿಳಿ ಮರ. "ಹಲಸಾಗಿದ್ರೆ ಹಳದಿ ಕಾಣ್ಬೇಕಿತ್ತು" ಅಂದರು ಅವರು. ಅಂದರೆ ಹಲಸೂ ಸುಳ್ಳು. ಬಾಡಿಯ ಸುತ್ತ ಅಂಚಿಗೆ ಕಪ್ಪು ಬಣ್ಣ ಹೊಡೆದಿದ್ದ. ಚೆಂದಕ್ಕೆ ಅಂದುಕೊಂಡಿದ್ದೆ. ಮೇಲಿನ ಗೆರೆ ಅಂಚಿಗೆ ಇಳಿಯುತ್ತದೋ ಇಲ್ಲವೋ ಕಾಣಬಾರದು ಅಂತ ಹೊಡೆದಿದ್ದು ಅದು.

ಆ ಅಂಗಡಿಯಲ್ಲಿ ಇನ್ನಿಬ್ಬರು ಹುಡುಗರು ಇದ್ದರು. ಅವರ ಮುಂದೆ ನನಗೆ ಮುಖ ಎತ್ತಲು ಆಗಲಿಲ್ಲ. ತೂಕವೂ ಹೇಳುತ್ತಿತ್ತು. ಬೀಟೆ ಭಾರದ ಮರ. ಬೇಸ್ ಬಾಡಿಯ ಅಗಲಕ್ಕೆ 6 ಮಿಲಿಮೀಟರ್ ಟಾಪ್ ಅಂದರೆ ಅದೊಂದೇ ಅರ್ಧ ಕೆಜಿ. ಇದು ಹಗುರ ಇದೆ ಅಂತ ನಾನೇ ಖುಷಿಪಟ್ಟಿದ್ದೆ.

ಅಲ್ಲಿಂದಲೇ ಮೇಕರ್‌ಗೆ ಫೋನ್ ಮಾಡಿದೆ. ಮೊದಲ ಉತ್ತರ: "ವೆನೀರ್ ಅಲ್ಲ ಸರ್, ತೆಳು ಟಾಪ್. ಸೌಂಡಿಗೆ ಅದೇ ಒಳ್ಳೇದು." ಫೋಟೋ ಕಳಿಸಿದೆ. ಒಂದು ಗಂಟೆ ಬಿಟ್ಟು: "ನಿಮ್ಮ ಮರಾನೇ ವೆನೀರ್ ಮಾಡ್ಸಿದ್ದು." ಸಂಜೆಗೆ: "ನಿಮ್ಮ ಮರಕ್ಕೆ ಹುಳ ಹಿಡಿದಿತ್ತು, ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ." ಒಂದೇ ದಿನ ಮೂರು ಮಾತು. ಬೀಟೆಯ ಚೇಗಿಗೆ ಹುಳ! ಹಳೆ ಮನೆಯಲ್ಲಿ ಗೆದ್ದಲು ತೊಲೆ ತಿಂದಿತ್ತು, ಆ ಬಾಗಿಲು ಮುಟ್ಟಿರಲಿಲ್ಲ.

ಮಾರನೇ ದಿನ ಇನ್ನೊಂದು ಕಥೆ. "ಸೈಟಿಸ್ ರೂಲ್ಸ್ ಇದೆ ಸರ್, ಬೀಟೆ ದಪ್ಪ ಹಾಕಂಗಿಲ್ಲ." ಇದನ್ನು ಕೇಳಿ ತುಂಬಾ ಸಿಟ್ಟು ಬಂತು. ಗೊತ್ತಿಲ್ಲದವರು ನಂಬಿಬಿಡುತ್ತಾರೆ. ಸೈಟಿಸ್ ಅನ್ನುವುದು ಅಳಿವಿನ ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ಸರಕು ದೇಶದಿಂದ ದೇಶಕ್ಕೆ ಹೋಗುವುದಕ್ಕೆ ಇರುವ ಒಪ್ಪಂದ. 2017ರಲ್ಲಿ ಬೀಟೆಯ ಜಾತಿಯ ಮರಗಳೆಲ್ಲ ಅದರ ಕೆಳಗೆ ಬಂದಾಗ ಗಿಟಾರ್ ಮಾಡುವವರಿಗೆ ತೊಂದರೆ ಆಗಿದ್ದು ನಿಜ. 2019ರ ನವೆಂಬರ್‌ನಿಂದ ಈ ಬೀಟೆಯಿಂದ ಮಾಡಿ ಮುಗಿಸಿದ ವಾದ್ಯಕ್ಕೆ ಸೈಟಿಸ್ ಪರವಾನಗಿ ಬೇಡ. ಮರ ಎಷ್ಟು ದಪ್ಪ ಇರಬೇಕು ಅಂತ ಅದು ಹೇಳುವುದೂ ಇಲ್ಲ. ನನ್ನ ಬೇಸ್ ಬೆಂಗಳೂರು ಬಿಟ್ಟು ಹೋಗಿದ್ದು ಕೊಪ್ಪಕ್ಕೆ ಮಾತ್ರ. ಇದಷ್ಟನ್ನೂ ಟೈಪ್ ಮಾಡಿ ಕಳಿಸಿದೆ. ನೋಡಿದ, ಉತ್ತರ ಇಲ್ಲ.

ನಿಜವಾಗಿ ಎದೆ ಒಡೆದಿದ್ದು ಮೂರು ವಾರ ಆದಮೇಲೆ. ಸ್ನೇಹಿತನೊಬ್ಬ ಫೋಟೋ ಕಳಿಸಿದ. ಅದೇ ಮೇಕರ್ ಮಾರಿದ ಆರು ತಂತಿಯ ಗಿಟಾರ್. ಕೆಳಗೆ ಬರೆದಿದ್ದ, ಮಲೆನಾಡಿನ ಹಳೆಯ ಮನೆಯ ಬೀಟೆ, ಒಂದೇ ಒಂದು ಪೀಸ್ ಅಂತ. ಫೋಟೋ ದೊಡ್ಡದು ಮಾಡಿದೆ. ಬ್ರಿಜ್ ಪಕ್ಕದಲ್ಲಿ ಎರಡು ತೂತು. ನಾಲ್ಕು ಬೆರಳು ದೂರ. ಸುತ್ತ ಕಪ್ಪು ಉಂಗುರ. ನಾನು ಎಲ್ಲಿ ಬೇಕು ಅಂದಿದ್ದೆನೋ ಅಲ್ಲೇ ಇಟ್ಟಿದ್ದಾನೆ. ಬೇರೆಯವರಿಗೆ.

ನೇರ ಅವನ ವರ್ಕ್‌ಶಾಪಿಗೆ ಹೋದೆ. ಫೋಟೋ ತೋರಿಸಿದೆ. "ಎಲ್ಲಾ ಹಳೆ ಮರದಲ್ಲೂ ಮೊಳೆ ತೂತು ಇರುತ್ತೆ ಸರ್" ಅಂದ. ಬಾಗಿಲು ಬಿಚ್ಚುವ ಮೊದಲು ಮಾವ ತೆಗೆದಿದ್ದ ಫೋಟೋ ಪಕ್ಕಕ್ಕೆ ಹಿಡಿದೆ. ಗೆರೆಗೆ ಗೆರೆ ಕೂಡುತ್ತಿತ್ತು. ಆಗ ಧ್ವನಿ ಬದಲಾಯಿತು. "ನೀವು ಮರ ಕೊಟ್ಟಿದ್ದಕ್ಕೆ ರಸೀದಿ ಇದೆಯಾ?" ಇಲ್ಲ. ಇಲ್ಲ ಅಂತ ಅವನಿಗೂ ಗೊತ್ತಿತ್ತು.

20 ಸಾವಿರ ವಾಪಸ್ ಕೊಟ್ಟ, ಅದೂ ನಾಲ್ಕು ಕಂತಿನಲ್ಲಿ. ಎರಡನೇ ಹಲಗೆಯ ಸುದ್ದಿ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ವಕೀಲರ ನೋಟಿಸ್ ಹೋಗಿದೆ.

ಮಾಡಿಸಲೇಬೇಕು ಅನ್ನುವವರು ಮರ ಕೊಡುವಾಗ ಅಳತೆ, ತೂಕ ಬರೆದು ಸಹಿ ಹಾಕಿಸಿಕೊಳ್ಳಿ. ಹಲಗೆಯ ಹಿಂಬದಿ, ಕೊನೆ ಎಲ್ಲದರ ಫೋಟೋ ತೆಗೆಯಿರಿ. ಸೀಳುವ ದಿನ ರಜೆ ಹಾಕಿಯಾದರೂ ಎದುರಿಗೆ ನಿಲ್ಲಿ. ಬಾಕಿ ಕೊಡುವ ಮೊದಲು ಪಿಕಪ್ ಎತ್ತಿಸಿ ಗುಂಡಿಯ ಅಂಚು ನೋಡಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಒಳ್ಳೆ ಕೆಲಸಗಾರ ತಾನೇ ಎತ್ತಿ ತೋರಿಸುತ್ತಾನೆ, ಆ ರಿಪೇರಿಯವರೇ ಹೇಳಿದ ಮಾತು ಇದು.

ಆ ಆರು ತಂತಿಯ ಗಿಟಾರ್ ತೆಗೆದುಕೊಂಡವರು ಇದನ್ನು ಓದಿದರೆ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ನೀವು ದುಡ್ಡು ಕೊಟ್ಟೇ ತೆಗೆದುಕೊಂಡಿದ್ದೀರಿ. ಪಿಕಪ್ ಎತ್ತಿ ಅಂಚಿನ ಒಂದು ಫೋಟೋ ಕಳಿಸಿ, ವಕೀಲರು ಕೇಳುತ್ತಿದ್ದಾರೆ. ಬ್ರಿಜ್ ಕಡೆಯ ತೂತು ಪಂಚಾಂಗದ್ದು. ಅಂಚಿನ ಕಡೆಯದು ಬೀಗದ ಕೈಯದು.