ಆಫಿ ಮತ್ತು ಫೋರ್ಡ್ ವಿ8-60: ಎರಡು ಚಳಿಗಾಲ, ಎರಡು ಇಂಜಿನ್

ಮೊದಲೇ ಹೇಳಿಬಿಡುತ್ತೇನೆ. ಹಳೇ ಅಮೆರಿಕನ್ ಮಿಡ್ಜೆಟ್ ರೇಸ್ ಕಾರನ್ನು ರಿಪೇರಿ ಮಾಡಿ ಮತ್ತೆ ಓಡಿಸುವ ಆಸೆ ನಿಮಗಿದ್ದರೆ, ಮೊದಲು ಫೋರ್ಡ್ ವಿ8-60 ಇಂಜಿನ್ ಹಿಡಿಯಿರಿ. ಆಫಿ, ಅಂದರೆ ಆಫೆನ್‌ಹೌಸರ್ ರೇಸ್ ಇಂಜಿನ್, ಆಮೇಲೆ. ಎರಡರಲ್ಲಿ ಆಫಿಯೇ ಶ್ರೇಷ್ಠ ಇಂಜಿನ್, ಅದರಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ. ಆದರೂ ಹೀಗೆ ಹೇಳುತ್ತಿದ್ದೇನೆ, ಯಾಕೆಂದರೆ ಎರಡನ್ನೂ ಬಿಚ್ಚಿ ಜೋಡಿಸಿ ನೋಡಿದ್ದೇನೆ.

ನಾನಿರುವುದು ಇಂಡಿಯಾನಾಪೊಲಿಸ್‌ನಲ್ಲಿ. ನಮ್ಮ ಬೀದಿಯ ಹಿರಿಯರೊಬ್ಬರ ಗ್ಯಾರೇಜಿನಲ್ಲಿ ಎರಡು ಮಿಡ್ಜೆಟ್ ಕಾರುಗಳಿವೆ. ಎರಡೂ ಕರ್ಟಿಸ್-ಕ್ರಾಫ್ಟ್, ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಕರ್ಟಿಸ್ ಕಟ್ಟಿದವು. ಒಂದರಲ್ಲಿ ಆಫೆನ್‌ಹೌಸರ್ ಇಂಜಿನ್, ಇನ್ನೊಂದರಲ್ಲಿ ಫೋರ್ಡ್. ಹಿರಿಯರಿಗೆ ಈಗ ಎಂಬತ್ತು ದಾಟಿದೆ, ಬೆರಳು ಮೊದಲಿನಂತೆ ಬಗ್ಗುವುದಿಲ್ಲ. "ನನ್ನ ಕಣ್ಣು, ನಿನ್ನ ಕೈ" ಅಂದರು. ಹಾಗೆ ಶುರುವಾಯಿತು. ಮೊದಲ ಚಳಿಗಾಲ ಫೋರ್ಡ್ ಬಿಚ್ಚಿದೆವು, ಎರಡನೇ ಚಳಿಗಾಲ ಆಫಿ.

ಮಿಡ್ಜೆಟ್ ನೋಡದವರಿಗೆ ಒಂದು ಮಾತು. ಇದು ಪುಟ್ಟ ಕಾರು, ನಮ್ಮ ಮಾರುತಿ 800ಕ್ಕಿಂತ ಹಗುರ. ಒಬ್ಬರೇ ಕೂರುವುದು. ಚಕ್ರಗಳೆಲ್ಲ ಬಯಲಿಗೆ. ಸ್ಟಾರ್ಟರ್ ಇಲ್ಲ, ಕ್ಲಚ್ ಇಲ್ಲ, ಗೇರ್‌ಬಾಕ್ಸೂ ಇಲ್ಲ. ಇಂಜಿನ್ನನ್ನು ಹಿಂದಿನ ಚಕ್ರಕ್ಕೆ ಸೇರಿಸಲು, ಬಿಡಿಸಲು ಒಂದು ಲಿವರ್ ಇರುತ್ತದೆ, ಅಷ್ಟೇ. ಹಿಂದಿನಿಂದ ಇನ್ನೊಂದು ಗಾಡಿ ತಳ್ಳಬೇಕು. ಡ್ರೈವ್ ಶಾಫ್ಟ್ ನಿಮ್ಮ ಎರಡು ಕಾಲುಗಳ ಮಧ್ಯೆಯೇ ಹಾದುಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಊರೂರಿನಲ್ಲಿ ಜನ ರಾತ್ರಿ ದೀಪದ ಬೆಳಕಿನಲ್ಲಿ ಈ ಕಾರುಗಳ ರೇಸ್ ನೋಡಲು ಸೇರುತ್ತಿದ್ದರು. ನಮ್ಮೂರಿನ ದೊಡ್ಡ ಸ್ಪೀಡ್‌ವೇ ಎದುರಿಗೇ 1946ರಲ್ಲಿ ಒಂದು ಮಿಡ್ಜೆಟ್ ಟ್ರ್ಯಾಕ್ ತೆರೆದಿತ್ತು. ಹಿರಿಯರು ಚಿಕ್ಕ ಹುಡುಗನಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ರೇಸ್ ನೋಡಿದ್ದು ಅಲ್ಲೇ. ಇವತ್ತು ಅಲ್ಲಿ ಆ ಟ್ರ್ಯಾಕಿನ ಗುರುತೂ ಇಲ್ಲ.

ಈಗ ಇಂಜಿನ್‌ಗಳಿಗೆ ಬರೋಣ.

ಫೋರ್ಡ್ ವಿ8-60 ರೇಸಿಗೆ ಅಂತ ಹುಟ್ಟಿದ್ದಲ್ಲ. 1937ರಲ್ಲಿ ಕಡಿಮೆ ಪೆಟ್ರೋಲಿನ ಮನೆ ಕಾರಿಗೆ ಅಂತ ಬಂದ ಪುಟ್ಟ ವಿ8 ಅದು. 2.2 ಲೀಟರ್, 60 ಕುದುರೆಶಕ್ತಿ. ವಾಲ್ವ್‌ಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನಲ್ಲೇ ಸಿಲಿಂಡರ್ ಪಕ್ಕ ಇವೆ. ಹೆಡ್ ಅಂದರೆ ಬರೀ ಚಪ್ಪಟೆ ಮುಚ್ಚಳ. ನನಗೆ ಈ ಜೋಡಣೆ ಹೊಸದಲ್ಲ. ಚಿಕ್ಕಮಗಳೂರಿನಲ್ಲಿ ನಮ್ಮಪ್ಪ ಎಸ್ಟೇಟಿನವರ ಹಳೇ ವಿಲ್ಲಿಸ್ ಜೀಪು ರಿಪೇರಿ ಮಾಡುತ್ತಿದ್ದರು. ಯುದ್ಧಕಾಲದ ಆ ಜೀಪಿನದ್ದೂ ಇದೇ ತರಹದ ಸೈಡ್ ವಾಲ್ವ್ ಇಂಜಿನ್, ನಾಲ್ಕು ಸಿಲಿಂಡರಿನದು. ಹೆಡ್ ಎತ್ತಿದ ಕೂಡಲೇ ಸಾಲಾಗಿ ಕೂತ ವಾಲ್ವ್ ಕಂಡಾಗ, ಇಂಡಿಯಾನಾದ ಚಳಿಯಲ್ಲಿ ನನಗೆ ಅಪ್ಪನ ಶೆಡ್ಡೇ ಕಂಡಂತಾಯಿತು.

ಆಫಿಯ ಕಥೆ ಬೇರೆ. ಅದು ಹುಟ್ಟಿದ್ದೇ ರೇಸಿಗೆ. ಹ್ಯಾರಿ ಮಿಲ್ಲರ್ ಅನ್ನುವ ದೊಡ್ಡ ಇಂಜಿನ್ ತಯಾರಕರು 1933ರಲ್ಲಿ ದಿವಾಳಿಯಾದರು. ಅವರ ಹತ್ತಿರ ಕೆಲಸ ಮಾಡುತ್ತಿದ್ದ ಫ್ರೆಡ್ ಆಫೆನ್‌ಹೌಸರ್ ಕೆಲಸ ಮುಂದುವರಿಸಿದರು, ನಕ್ಷೆ ಬರೆದವರು ಲಿಯೋ ಗೂಸನ್. ಅವರ ದೊಡ್ಡ ಇಂಜಿನ್‌ಗಳು 1947ರಿಂದ 1964ರವರೆಗೆ ಒಂದು ವರ್ಷವೂ ಬಿಡದೆ ನಮ್ಮೂರಿನ 500 ಮೈಲಿ ರೇಸ್, ಇಂಡಿಯಾನಾಪೊಲಿಸ್ 500, ಗೆದ್ದವು. ಒಟ್ಟು ಲೆಕ್ಕ 27 ಗೆಲುವು. ಮಿಡ್ಜೆಟ್‌ಗೆ ಮಾಡಿದ್ದು ಅದರ ತಮ್ಮ ಅನ್ನಿ: ನಾಲ್ಕು ಸಿಲಿಂಡರ್, ಬರೀ 1.6 ಲೀಟರ್, ಮೇಲೆ ವಾಲ್ವ್ ತೆರೆಯುವ ಎರಡು ಕ್ಯಾಮ್‌ಶಾಫ್ಟ್. ಒಳ್ಳೆಯ ಕೈಯಲ್ಲಿ ಅದು 100 ಕುದುರೆಶಕ್ತಿ ದಾಟುತ್ತಿತ್ತು. ಎದುರಿಗೆ ಫೋರ್ಡ್‌ಗೆ ಅಳತೆ ಜಾಸ್ತಿ ಇಟ್ಟುಕೊಳ್ಳಲು ನಿಯಮದಲ್ಲಿ ಬಿಟ್ಟಿದ್ದರು. ಇಲ್ಲದಿದ್ದರೆ ಅದು ಸಮ ನಿಲ್ಲುತ್ತಲೇ ಇರಲಿಲ್ಲ.

ಬಿಚ್ಚುವಾಗಲೇ ಇವೆರಡರ ಸ್ವಭಾವ ಗೊತ್ತಾಗಿಬಿಡುತ್ತದೆ. ಫೋರ್ಡಿನ ಹೆಡ್ ಎತ್ತಲು ನಟ್ಟು ಬಿಚ್ಚಿದರೆ ಸಾಕು ಅಂತ ಪುಸ್ತಕ ಹೇಳುತ್ತದೆ. ನಿಜದಲ್ಲಿ ಎಪ್ಪತ್ತು ವರ್ಷ ತುಕ್ಕು ಹಿಡಿದ ಸ್ಟಡ್ಡುಗಳು ಬ್ಲಾಕಿಗೆ ಬೆಸೆದುಕೊಂಡಿರುತ್ತವೆ. ಸ್ಟಡ್ಡು ನೀರಿನ ಜಾಗಕ್ಕೇ ತಾಗುವುದರಿಂದ ಒಳಗಿಂದಲೇ ತುಕ್ಕು. ಬಿಸಿ ಮಾಡುವುದು, ಮೇಣ ತಾಗಿಸುವುದು, ಕಾಯುವುದು, ಮತ್ತೆ ಬಿಸಿ ಮಾಡುವುದು. ಹೀಗೇ ನಾಲ್ಕು ಶನಿವಾರ ಹೋಯಿತು. ಎರಡು ಸ್ಟಡ್ಡು ತುಂಡಾದವು, ಡ್ರಿಲ್ ಮಾಡಿ ತೆಗೆದೆವು. ಆಮೇಲೆ ಬ್ಲಾಕಿನ ನೀರಿನ ದಾರಿಯಿಂದ ತುಕ್ಕು, ಮಣ್ಣು, ಎರಕದ ಕಾಲದ ಮರಳು ಎಲ್ಲ ಸೇರಿ ಒಂದು ದೊಡ್ಡ ಡಬ್ಬಿ ತುಂಬ ಬಂತು. ತಂತಿ ಬಗ್ಗಿಸಿ ಬಗ್ಗಿಸಿ ಕೆದಕಿ ತೆಗೆದದ್ದು.

ಆ ಕೆಲಸ ಬೇಸರದ್ದು, ಆದರೆ ಬಿಡುವ ಹಾಗಿಲ್ಲ. ಈ ಇಂಜಿನ್‌ನಲ್ಲಿ ಸುಟ್ಟ ಗಾಳಿ ವಾಲ್ವ್‌ನಿಂದ ಹೊರಟು ಬ್ಲಾಕನ್ನು ಅಡ್ಡ ಹಾದು ಹೊರಗಿನ ಬದಿಗೆ ಬರಬೇಕು. ದಾರಿಯುದ್ದಕ್ಕೂ ನೀರನ್ನು ಕಾಯಿಸುತ್ತದೆ. ನೀರು ಸರಾಗ ಹರಿಯದಿದ್ದರೆ ಹತ್ತು ಸುತ್ತು ಓಡುವಷ್ಟರಲ್ಲಿ ಕುದಿಯುತ್ತದೆ. ಕುದಿದರೆ ವಾಲ್ವ್ ಸೀಟಿನಿಂದ ಸಿಲಿಂಡರಿಗೆ ಬಿರುಕು. ಕಬ್ಬಿಣದ ಪುಡಿ ಮತ್ತು ಅಯಸ್ಕಾಂತ ಹಿಡಿದು ಹುಡುಕಿದಾಗ ನಮ್ಮ ಬ್ಲಾಕಿನಲ್ಲಿ ಮೂರು ಕಡೆ ಬಿರುಕು ಕಂಡಿತು. ಅದರಲ್ಲಿ ಒಂದನ್ನು ಹಿಂದೆ ಯಾರೋ ಬಹಳ ನಾಜೂಕಾಗಿ ಪಿನ್ ಹೊಡೆದು ಮುಚ್ಚಿದ್ದರು. ಯಾರು, ಎಲ್ಲಿ, ಯಾವ ಊರಿನ ರೇಸಿನ ಹಿಂದಿನ ರಾತ್ರಿ, ಯಾರಿಗೆ ಗೊತ್ತು. ಪಿನ್ನಿನ ತಲೆಗಳು ಸಾಲಾಗಿ ಒಂದೇ ಸಮ ಇದ್ದವು. ಹಿರಿಯರು ಅದರ ಮೇಲೆ ಬೆರಳಾಡಿಸಿ ತುಂಬ ಹೊತ್ತು ಸುಮ್ಮನೆ ನಿಂತರು. ಉಳಿದ ಎರಡನ್ನೂ ಅದೇ ರೀತಿ ಪಿನ್ ಹೊಡೆದೇ ಮುಚ್ಚಿದೆ.

ಒಂದು ನೋವಿನ ವಿಷಯವೂ ಇದೆ. ಸಿಲಿಂಡರ್ ಬೋರ್ ಮಾಡಿಸಲು ಬ್ಲಾಕನ್ನು ಊರಾಚೆಯ ಒಂದು ಮಷಿನ್ ಶಾಪಿಗೆ ಕೊಟ್ಟೆವು. ಈ ಪುಟ್ಟ ಬ್ಲಾಕಿನ ಗೋಡೆ ತೆಳು, ಮೊದಲು ದಪ್ಪ ಅಳೆದು ನೋಡಿ ಅಂತ ಬರೆದುಕೊಟ್ಟಿದ್ದೆ. ಅಳೆಯಲಿಲ್ಲ. ಒಂದು ಸಿಲಿಂಡರಿನಲ್ಲಿ ನೀರಿನ ಜಾಗಕ್ಕೇ ತೂತು ಬಿತ್ತು. ಕೊನೆಗೆ ಅದಕ್ಕೆ ಲೈನರ್, ಅಂದರೆ ಒಳಗೊಂದು ಲೋಹದ ಕೊಳವೆ, ಹಾಕಿಸಬೇಕಾಯಿತು. ಬ್ಲಾಕ್ ಕೊಡುವ ಮುಂಚೆ ನೀವೇ ಅಳತೆ ಮಾಡಿಸಿಕೊಳ್ಳಿ, ಬರೆದ ಚೀಟಿಯನ್ನು ನಂಬಬೇಡಿ.

ಆಫಿಯಲ್ಲಿ ಈ ತರಹದ ತಲೆನೋವು ಇಲ್ಲ. ಹೆಡ್ಡೂ ಬ್ಲಾಕೂ ಒಂದೇ ಎರಕ. ಹೆಡ್ ಗ್ಯಾಸ್ಕೆಟ್ ಅನ್ನುವುದೇ ಇಲ್ಲ, ಹಾಗಾಗಿ ಅದು ಒಡೆಯುವ ಮಾತೂ ಇಲ್ಲ. ರೇಸಿನಲ್ಲಿ ಇದರಿಂದ ಎಷ್ಟು ಲಾಭ ಅಂತ ಯೋಚಿಸಿ: ಎಷ್ಟು ಒತ್ತಡ ಕೊಟ್ಟರೂ ಸೋರುವ ಜಾಗವೇ ಇಲ್ಲ. ಆದರೆ ವಾಲ್ವ್ ತಿಕ್ಕಬೇಕು ಅಂದರೆ? ಇಡೀ ಬ್ಲಾಕನ್ನು ಕ್ರ್ಯಾಂಕ್‌ಕೇಸಿನಿಂದ ಎತ್ತಿ, ತಲೆಕೆಳಗೆ ಮಾಡಿ, ಸಿಲಿಂಡರಿನ ಬಾವಿಯೊಳಗೆ ಕೈ ಇಳಿಸಿ ತಿಕ್ಕಬೇಕು. ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಬೆರಳಿನ ನಂಬಿಕೆಯ ಮೇಲೆ ಮಾಡುವ ಕೆಲಸ ಅದು. ಫೋರ್ಡಿನಲ್ಲಿ ಒಂದು ವಾಲ್ವಿಗೆ ಕಾಲು ಗಂಟೆ ಆದರೆ, ಇಲ್ಲಿ ಒಂದು ಸಂಜೆ.

ಟೈಮಿಂಗ್, ಅಂದರೆ ವಾಲ್ವ್ ಯಾವಾಗ ತೆರೆದು ಮುಚ್ಚಬೇಕು ಅನ್ನುವುದು, ಅಂತೂ ಇನ್ನೊಂದು ಲೋಕ. ಮುಂದುಗಡೆ ಕ್ರ್ಯಾಂಕಿನಿಂದ ಮೇಲಿನ ಎರಡು ಕ್ಯಾಮಿನವರೆಗೆ ಗೇರುಗಳ ಸಾಲು ಏರುತ್ತದೆ. ಚೈನೂ ಇಲ್ಲ, ಬೆಲ್ಟೂ ಇಲ್ಲ. ಬಿಚ್ಚುವ ಮುಂಚೆ ಒಂದೊಂದು ಹಲ್ಲಿಗೂ ಗುರುತು ಹಾಕಿ ಫೋಟೊ ತೆಗೆದಿದ್ದೆ. ಆದರೂ ಜೋಡಿಸುವಾಗ ಎರಡು ಸಲ ಕ್ರ್ಯಾಂಕಿನ ಕೋನ ಅಳೆಯುವ ಡಿಗ್ರಿ ಚಕ್ರ ಇಟ್ಟು ಮೊದಲಿನಿಂದ ನೋಡಬೇಕಾಯಿತು. ಒಂದು ಹಲ್ಲು ಆಚೆ ಈಚೆ ಆದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯಬಹುದು. ಎಲ್ಲ ಸರಿ ಕೂತ ಮೇಲೆ ಕೈಯಲ್ಲಿ ಕ್ರ್ಯಾಂಕ್ ತಿರುಗಿಸಿದೆ. ಅಷ್ಟು ಗೇರು ಒಟ್ಟಿಗೆ ಬೆಣ್ಣೆಯಂತೆ ಸುತ್ತಿದವು. ಸುಮ್ನೆ ಹತ್ತಾರು ಸಲ ತಿರುಗಿಸುತ್ತಾ ನಿಂತಿದ್ದೆ. ಮನುಷ್ಯರು ಕೈಯಿಂದ ಅರ ಹಿಡಿದು, ಅಳೆದು, ಮತ್ತೆ ಅರ ಹಿಡಿದು ಮಾಡಿದ ವಸ್ತು ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು.

ಆಫಿಯ ಒಳಗೆ ಇನ್ನೊಂದು ಸಿಕ್ಕಿತು: ಕಂದು ಬಣ್ಣದ ಗಟ್ಟಿ ಅಂಟು, ಅರಗಿನ ಹಾಗೆ. ಹರಳೆಣ್ಣೆ! ಆ ಕಾಲದ ರೇಸ್ ಇಂಜಿನ್‌ಗಳಿಗೆ ಹರಳೆಣ್ಣೆ ಹಾಕುತ್ತಿದ್ದರು. ಬಿಸಿಯಲ್ಲೂ ಲೋಹದಿಂದ ಜಾರಿ ಹೋಗುವುದಿಲ್ಲ. ಕೆಟ್ಟ ಗುಣ ಏನೆಂದರೆ, ನಿಂತಲ್ಲೇ ನಿಂತರೆ ಹೆಪ್ಪುಗಟ್ಟುತ್ತದೆ. ನಮ್ಮಜ್ಜಿ ಭಾನುವಾರ ತಲೆಗೆ ಒತ್ತುತ್ತಿದ್ದ ಎಣ್ಣೆ, ಇಂಡಿಯಾನಾದಲ್ಲಿ ಹಳೇ ರೇಸ್ ಇಂಜಿನ್ನಿನೊಳಗೆ ಸಿಕ್ಕಿತಲ್ಲ ಅಂತ ಖುಷಿಯಾಯಿತು. ಅದನ್ನು ಪೂರ್ತಿ ಕೆರೆದು ತೆಗೆದು ಈಗಿನ ಎಣ್ಣೆಯನ್ನೇ ಹಾಕಿದೆವು. ಹಳೇ ವಾಸನೆ ಬೇಕು ಅನ್ನುವವರು ಹರಳೆಣ್ಣೆಯನ್ನೇ ಹಾಕುತ್ತಾರೆ. ಅವರು ಪ್ರತಿ ಸಲ ಓಡಿಸಿದ ಮೇಲೂ ಖಾಲಿ ಮಾಡಿ ತೊಳೆಯಬೇಕು. ಅಷ್ಟು ಪುರುಸೊತ್ತು ಇಲ್ಲದವರಿಗೆ ಅದು ಬೇಡ.

ಇಂಧನದಲ್ಲಿ ಎರಡೂ ಒಂದೇ, ಮೆಥನಾಲ್ ಅನ್ನುವ ಆಲ್ಕೋಹಾಲ್. ಇಂಜಿನ್ ತಂಪಾಗಿ ಓಡುತ್ತದೆ, ಕುದಿಯುವ ಫೋರ್ಡ್‌ಗಂತೂ ಅದು ವರ. ಪೆಟ್ರೋಲಿನ ಎರಡರಷ್ಟು ಕುಡಿಯುತ್ತದೆ ಅನ್ನುವುದು ನೆನಪಿರಲಿ. ಬೆಂಕಿ ಹತ್ತಿದರೆ ಹಗಲಲ್ಲಿ ಉರಿ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಪಕ್ಕದಲ್ಲಿ ನೀರಿನ ಬಕೆಟ್ ಇಲ್ಲದೆ ನಾವು ಇಂಜಿನ್ ಮುಟ್ಟುವುದಿಲ್ಲ. ಸಂಜೆ ಟ್ಯಾಂಕ್ ಖಾಲಿ ಮಾಡಿ, ಪೈಪು ಕಾರ್ಬ್ಯುರೇಟರ್ ಎಲ್ಲ ತೊಳೆಯದಿದ್ದರೆ ಅದು ಅಲ್ಯೂಮಿನಿಯಂ ತಿಂದು ಬಿಳಿ ಪುಡಿ ಮಾಡುತ್ತದೆ. ಫೋರ್ಡಿನ ಎರಡು ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್‌ಗಳಲ್ಲಿ ಒಂದು ಹೀಗೇ ಹಾಳಾಗಿತ್ತು.

ಬಿಡಿಭಾಗದ ವಿಷಯದಲ್ಲಿ ಮಾತು ಬೇಡ, ಫೋರ್ಡ್ ಗೆಲ್ಲುತ್ತದೆ. ಮನೆ ಕಾರಿನ ಇಂಜಿನ್, ರಾಶಿಗಟ್ಟಲೆ ಹುಟ್ಟಿದ್ದು. ಯುದ್ಧದ ನಂತರ ಫ್ರಾನ್ಸಿನ ಕಾರುಗಳಲ್ಲೂ ಇದರ ವಂಶ ಬದುಕಿತ್ತು. ಆಫಿಗೆ ಗೊತ್ತಿರುವ ಕೆಲವೇ ಮಂದಿಯನ್ನು ಕೇಳಿ, ತಿಂಗಳುಗಟ್ಟಲೆ ಕಾಯಬೇಕು, ದುಡ್ಡೂ ಬಹಳ.

ಓಡಿಸುವಾಗ? ಫೋರ್ಡನ್ನು ತಳ್ಳಿದಾಗ ಬೇಗ ಒಪ್ಪಿಕೊಳ್ಳುತ್ತದೆ. ಎಂಟು ಸಿಲಿಂಡರಿನ ಮೃದು ಗುಂಯ್ ಸದ್ದು. ತಿರುವಿನಿಂದ ಹೊರಬರುವಾಗ ನಿಧಾನ ಎಳೆಯುತ್ತದೆ, ಹೊಸಬರ ತಪ್ಪನ್ನು ಕ್ಷಮಿಸುತ್ತದೆ. ಆಫಿ ಹಾಗಲ್ಲ. ಚಳಿಯಿದ್ದರೆ ನಾವು ಮೊದಲು ಬಿಸಿನೀರು ತುಂಬುತ್ತೇವೆ, ಎಣ್ಣೆ ಕಾಯಿಸುತ್ತೇವೆ. ತಳ್ಳುವಾಗ ಎಣ್ಣೆ ಒತ್ತಡದ ಮುಳ್ಳು ಏಳುವವರೆಗೆ ಕಿಡಿ ಕೊಡುವ ಮ್ಯಾಗ್ನೆಟೊ ಹಾಕುವುದಿಲ್ಲ. ಹಾಕಿದ ತಕ್ಷಣ ನಾಲ್ಕು ಸಿಲಿಂಡರೂ ಒಟ್ಟಿಗೆ ಬೊಗಳಿದ ಹಾಗೆ. ಎದೆಗೂಡು ಅದುರುತ್ತದೆ. ಮೊದಲ ಸಲ ಆ ಸದ್ದು ಕೇಳಿದಾಗ ಹಿರಿಯರ ಕಣ್ಣು ತುಂಬಿತ್ತು, ನನ್ನದೂ.

ಇವೆರಡನ್ನೂ ಒಬ್ಬರೇ ಪಳಗಿಸಿದ ಕಥೆ ಹೇಳದೆ ಇದು ಮುಗಿಯುವುದಿಲ್ಲ. ಅವರು ರೇಸ್ ಡ್ರೈವರ್ ರಾಡ್ಜರ್ ವಾರ್ಡ್. 1950ರಲ್ಲಿ ಲಾಸ್ ಏಂಜಲೀಸ್‌ನ ಗಿಲ್ಮೋರ್ ಸ್ಟೇಡಿಯಂನಲ್ಲಿ, ವಿಕ್ ಎಡೆಲ್‌ಬ್ರಾಕ್ ಸಿದ್ಧಪಡಿಸಿದ ವಿ8-60 ಮಿಡ್ಜೆಟ್ ಓಡಿಸಿ ಆಫಿಗಳನ್ನು ಸೋಲಿಸಿದರು. ಇಂಧನಕ್ಕೆ ನೈಟ್ರೊಮೀಥೇನ್ ಬೆರೆಸಿದ್ದೇ ಗುಟ್ಟು. ಅದೇ ವಾರ್ಡ್ 1959ರಲ್ಲಿ, ಆಫಿ ಕಾರಿನಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದ ವರ್ಷವೇ, ಒಂದು ಹಳೇ ಆಫಿ ಮಿಡ್ಜೆಟ್ ತೆಗೆದುಕೊಂಡು ಕನೆಕ್ಟಿಕಟ್‌ನ ಲೈಮ್ ರಾಕ್‌ಗೆ ಹೋದರು. ಅಲ್ಲಿನ ಅಂಕುಡೊಂಕು ಟ್ರ್ಯಾಕಿನಲ್ಲಿ ಯುರೋಪಿನ ದುಬಾರಿ ಸ್ಪೋರ್ಟ್ಸ್ ಕಾರುಗಳನ್ನು ಹಿಂದೆ ಹಾಕಿ ಗೆದ್ದರು. ಆ ಹುರುಪಿನಲ್ಲೇ ಡಿಸೆಂಬರ್‌ನಲ್ಲಿ ಸೆಬ್ರಿಂಗ್‌ನ ಫಾರ್ಮುಲಾ ಒನ್ ರೇಸಿಗೂ ಮಿಡ್ಜೆಟ್ ಒಯ್ದರು. ಅಲ್ಲಿ ಅದು ತುಂಬ ಹಿಂದೆ ಬಿತ್ತು, ಓಟ ಮುಗಿಸಲೂ ಆಗಲಿಲ್ಲ. ಗಿಲ್ಮೋರ್ ಸ್ಟೇಡಿಯಂ ಕೆಡವಿದ ಜಾಗದಲ್ಲಿ ಆಮೇಲೆ ಟೆಲಿವಿಷನ್ ಸ್ಟುಡಿಯೊ ಎದ್ದಿತು. 1950ರ ಆ ರಾತ್ರಿ ಫೋರ್ಡ್ ಗೆದ್ದದ್ದನ್ನು ಹಿರಿಯರು ಇವತ್ತಿಗೂ ತಾವೇ ನೋಡಿದ ಹಾಗೆ ಹೇಳುತ್ತಾರೆ, ನೋಡಿದವರಲ್ಲ.

ಹಾಗಾಗಿ ನನ್ನ ಆಯ್ಕೆ ಇದು. ಕಲಿಯಲು, ಮನೆಯಲ್ಲೇ ಸ್ವಂತ ಕೈಯಿಂದ ಮಾಡಲು ಫೋರ್ಡ್. ತಪ್ಪು ಮಾಡಿದರೆ ಇನ್ನೊಂದು ಬ್ಲಾಕ್ ಹುಡುಕಬಹುದು. ಆಫಿ ಕೆಟ್ಟರೆ ಲೋಕದಲ್ಲಿ ಒಂದು ಆಫಿ ಕಡಿಮೆ ಆಗುತ್ತದೆ, ಆ ಭಾರ ಹೊರಲು ಮೊದಲು ಕೈ ಪಳಗಬೇಕು.

ಬಣ್ಣದ ಬಗ್ಗೆ ಮಾತ್ರ ನಮ್ಮಿಬ್ಬರಿಗೆ ವಾದವಾಯಿತು. ಫೋರ್ಡ್ ಕಾರಿನ ಬಾಲ ಉಜ್ಜಿದಾಗ ಬಣ್ಣದ ಕೆಳಗೆ ಬಣ್ಣ, ಒಂದರ ಕೆಳಗೆ ಒಂದು ಮೂರು ನಂಬರು ಸಿಕ್ಕವು. ನಾನು ಎಲ್ಲಕ್ಕಿಂತ ಹಳೆಯದನ್ನು ಹೊಸದಾಗಿ ಬರೆಸೋಣ ಅಂದೆ. ಹಿರಿಯರು ಬೇಡ ಅಂದರು. ಮೂರೂ ಅರ್ಧರ್ಧ ಕಾಣುವ ಹಾಗೆ ಬಿಟ್ಟು ಮೇಲೆ ತೆಳುವಾಗಿ ವಾರ್ನಿಷ್ ಹೊಡೆದೆವು. ಈಗ ನೋಡಿದರೆ ಅವರು ಹೇಳಿದ್ದೇ ಸರಿ. ಆಫಿಗೆ ಹಿಂದಿನ ಮಾಲೀಕರು ಹೊಳೆಯುವ ಹೊಸ ಬಣ್ಣ ಬಳಿಸಿದ್ದರು. ಚೆಂದವಾಗಿದೆ, ಆದರೆ ಕೆಳಗೆ ಏನಿತ್ತು ಅಂತ ಯಾರಿಗೂ ಗೊತ್ತಿಲ್ಲ.

ಈ ನವೆಂಬರ್‌ನಲ್ಲಿ ಫೋರ್ಡಿನ ಎಡಗಡೆ ಹೆಡ್ ಮತ್ತೆ ಎತ್ತಬೇಕು. ಲೈನರ್ ಹಾಕಿದ ಸಿಲಿಂಡರಿನ ಪಕ್ಕ ನೀರು ಸ್ವಲ್ಪ ಒಸರುತ್ತಿದೆ. ಹಿರಿಯರು ಆಗಲೇ ಗ್ಯಾಸ್ಕೆಟ್ ತರಿಸಿ ಗೋಡೆಯ ಮೊಳೆಗೆ ನೇತುಹಾಕಿದ್ದಾರೆ.