ಸೆಂಟಿನೆಲ್-2 ಚಿತ್ರಗಳಿಂದ ಹವಳದ ದಿಬ್ಬದ ನಕ್ಷೆ: ಆರು ವರ್ಷ ಬಳಸಿದ ಮೇಲೆ

2019ರಿಂದ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಬಳಸುತ್ತಿದ್ದೇನೆ. ತೀರದ ಹತ್ತಿರ ನೀರು ಎಷ್ಟು ಆಳ ಇದೆ, ತಳದಲ್ಲಿ ಹವಳ ಎಲ್ಲಿ, ಮರಳು ಎಲ್ಲಿ, ಕಡಲ ಹುಲ್ಲು ಎಲ್ಲಿ ಅಂತ ಗುರುತಿಸಿ ನಕ್ಷೆ ಮಾಡುವುದು ನನ್ನ ಕೆಲಸ. ಇಷ್ಟು ವರ್ಷ ಆದ ಮೇಲೂ ಇದು ನನಗೆ ತುಂಬಾ ಇಷ್ಟವಾದ ಸಾಧನ. ಆದರೆ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇಲ್ಲದೆ ಮಾಡಿದ ನಕ್ಷೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ಚಿತ್ರಗಳು ಪೂರ್ತಿ ಉಚಿತ. ಯುರೋಪಿನ ಉಪಗ್ರಹ ಚಿತ್ರಗಳ ಜಾಲತಾಣವಾದ ಕೋಪರ್ನಿಕಸ್ ಬ್ರೌಸರ್ ತೆರೆದರೆ ಸಿಗುತ್ತವೆ. ಸೆಂಟಿನೆಲ್-2 ಅಂದರೆ ಒಂದೇ ಅಲ್ಲ, ಎರಡು ಉಪಗ್ರಹ ಸೇರಿ ಹೆಚ್ಚುಕಡಿಮೆ ಐದು ದಿನಕ್ಕೊಮ್ಮೆ ಅದೇ ಜಾಗವನ್ನು ನೋಡುತ್ತವೆ. ವರ್ಷಕ್ಕೆ ಎಪ್ಪತ್ತು ಚಿತ್ರ ಆಯ್ತಲ್ವಾ? ಅದರಲ್ಲಿ ನನ್ನ ಕೆಲಸಕ್ಕೆ ಬರುವುದು ಐದಾರು ಮಾತ್ರ. ಮೋಡ, ಅಲೆ, ಮಳೆ ನೀರಿನ ಜೊತೆ ಬಂದ ಕೆಸರು, ಎಲ್ಲ ಕಳೆದ ಮೇಲೆ ಅಷ್ಟೇ ಉಳಿಯುತ್ತದೆ. ಒಳ್ಳೆಯ ದಿನವನ್ನು ಹುಡುಕುವುದೇ ಅರ್ಧ ಕೆಲಸ.

ನೀರಿನ ಮೇಲೆ ಬಿಸಿಲು ಹೊಳೆದು ತಳವನ್ನು ಮರೆಮಾಡುತ್ತದೆ, ಆ ಹೊಳಪಿಗೆ ಒಂದು ದಾರಿ ಇದೆ. ಇನ್‌ಫ್ರಾರೆಡ್ ಬೆಳಕನ್ನು ನೀರು ಮೇಲ್ಪದರದಲ್ಲೇ ನುಂಗಿಬಿಡುತ್ತದೆ. ಆ ಬ್ಯಾಂಡ್‌ನಲ್ಲಿ, ಅಂದರೆ ಆ ಒಂದು ಬಗೆಯ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ, ತಿಳಿ ನೀರಿನ ಮೇಲೆ ಏನು ಕಂಡರೂ ಅದು ಹೆಚ್ಚಾಗಿ ಮೇಲಿನ ಹೊಳಪೇ. ಅದರ ಲೆಕ್ಕ ಹಿಡಿದು ನೀಲಿ, ಹಸಿರು ಬ್ಯಾಂಡ್‌ಗಳಿಂದ ಹೊಳಪನ್ನು ಕಳೆಯುತ್ತೇನೆ. ತಳ ಎಷ್ಟೋ ಸ್ಪಷ್ಟವಾಗುತ್ತದೆ.

ಆಳ ತೆಗೆಯುವುದಕ್ಕೆ ನೀಲಿ ಮತ್ತು ಹಸಿರಿನ ಅನುಪಾತ ಬಳಸುತ್ತೇನೆ. 2003ರಲ್ಲಿ ಸ್ಟಂಫ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ವಿಧಾನ ಇದು. ತಿಳಿ ನೀರಿನಲ್ಲಿ ಹತ್ತು ಹನ್ನೆರಡು ಮೀಟರ್ ತನಕ ನನಗೆ ಚೆನ್ನಾಗಿಯೇ ಬಂದಿದೆ. ಇಪ್ಪತ್ತು ದಾಟಿದರೆ ನಾನು ನಂಬುವುದಿಲ್ಲ.

ಎರಡನೇ ವರ್ಷದ ಒಂದು ಬೆಳಗ್ಗೆ ನನಗಿನ್ನೂ ನೆನಪಿದೆ. ನಕ್ಷೆಯಲ್ಲಿ ಒಂದು ಕಪ್ಪು ಮಚ್ಚೆ, ಆಳ ಏಳು ಮೀಟರ್ ಅಂತ ತೋರಿಸುತ್ತಿತ್ತು. ದೋಣಿ ನಿಲ್ಲಿಸಿ ಗುಂಡು ಬಿಟ್ಟೆ. ಎರಡೂವರೆ ಮೀಟರ್‌ಗೇ ಹಗ್ಗ ಸಡಿಲವಾಯ್ತು. ಎಳೆದು ನೋಡಿದರೆ ಗುಂಡಿಗೆ ಹಸಿರು ಹುಲ್ಲಿನ ಎಳೆಗಳು ಸುತ್ತಿಕೊಂಡಿದ್ದವು. ದಟ್ಟವಾದ ಕಡಲ ಹುಲ್ಲು ಬೆಳಕನ್ನು ಹೀರಿ ತಳವನ್ನೇ ಆಳದ ನೀರಿನ ಹಾಗೆ ತೋರಿಸಿತ್ತು. ಆ ನಕ್ಷೆ ನಂಬಿ ಯಾರಾದರೂ ದೋಣಿ ನಡೆಸಿದ್ದರೆ? ಅಂದಿನಿಂದ ಪ್ರತಿ ಕಪ್ಪು ಮಚ್ಚೆಯ ಮೇಲೂ ಗುಂಡು ಬಿಡುತ್ತೇನೆ. ಅಳೆದ ಹೊತ್ತನ್ನು ಬರೆದಿಟ್ಟುಕೊಂಡು ಉಬ್ಬರ-ಇಳಿತದ ವ್ಯತ್ಯಾಸವನ್ನೂ ಕಳೆಯುತ್ತೇನೆ.

ದೋಣಿ ಹೋಗದ ಕಡೆ ನಾಸಾದ ಐಸ್‌ಸ್ಯಾಟ್-2 ನೆರವಾಗುತ್ತದೆ. 2018ರಲ್ಲಿ ಹಾರಿದ ಉಪಗ್ರಹ, ಹಸಿರು ಲೇಸರ್ ಬಿಟ್ಟು ಅಳೆಯುತ್ತದೆ. ಅದು ಹಾದುಹೋದ ಗೆರೆಯ ಮೇಲೆ ಮಾತ್ರ ಆಳ ಸಿಗುತ್ತದೆ, ಆದರೂ ನಕ್ಷೆಯನ್ನು ಹೊಂದಿಸಿಕೊಳ್ಳಲು ಸಾಕು. ನೀರಿನಲ್ಲಿ ಬೆಳಕು ನಿಧಾನವಾಗುತ್ತದೆ. ಅದನ್ನು ಸರಿಪಡಿಸದ ದತ್ತಾಂಶ ತೆಗೆದುಕೊಂಡರೆ ಆಳ ಸುಮಾರು ಮೂರನೇ ಒಂದು ಪಾಲು ಜಾಸ್ತಿ ಬರುತ್ತದೆ. ಸುಮ್ನೆ ಹಾಗೇ ಬಳಸಬೇಡಿ.

ತಳದಲ್ಲಿ ಏನಿದೆ ಅಂತ ಮೊದಲ ಅಂದಾಜಿಗೆ ಅಲೆನ್ ಕೋರಲ್ ಅಟ್ಲಾಸ್ ಎಂಬ ಜಗತ್ತಿನ ಹವಳ ದಿಬ್ಬಗಳ ಆನ್‌ಲೈನ್ ನಕ್ಷೆ ನೋಡುತ್ತೇನೆ. ಶುರು ಮಾಡುವವರಿಗೆ ಅದೇ ಸುಲಭ.

ನನಗೆ ನಿಜವಾಗಿ ನೋವಾಗುವುದು ಬಿಳಿಚಿದ ಹವಳದ, ಅಂದರೆ ನೀರು ಬಿಸಿಯಾಗಿ ಬಣ್ಣ ಕಳೆದುಕೊಂಡ ಹವಳದ ವಿಷಯದಲ್ಲಿ. ಜಗತ್ತಿನಾದ್ಯಂತ ಹವಳ ಬಿಳಿಚುತ್ತಿದೆ, ಇದು ನಾಲ್ಕನೇ ಸಲ ಅಂತ 2024ರ ಏಪ್ರಿಲ್‌ನಲ್ಲಿ ಪ್ರಕಟವಾಯ್ತು. ಸೆಂಟಿನೆಲ್-2ರ ಒಂದು ಪಿಕ್ಸೆಲ್ ಅಂದರೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅಷ್ಟರೊಳಗೆ ಬದುಕಿರುವ ಹವಳ, ಬಿಳಿಚಿದ ಹವಳ, ಮರಳು ಎಲ್ಲ ಬೆರೆತುಹೋಗುತ್ತದೆ. ಬಿಳಿ ಹವಳವೋ ಬಿಳಿ ಮರಳೋ, ಒಂದೇ ಚಿತ್ರ ನೋಡಿ ಹೇಳಲಾಗುವುದಿಲ್ಲ. ಹಾಗಾಗಿ ಹಿಂದಿನ ವರ್ಷಗಳ ಅದೇ ತಿಂಗಳ ಚಿತ್ರ ಪಕ್ಕದಲ್ಲಿಟ್ಟು, ನೀರು ಅಷ್ಟೇ ತಿಳಿಯಾಗಿದ್ದ ದಿನವನ್ನೇ ಆರಿಸಿ ಹೋಲಿಸುತ್ತೇನೆ. ಹೊಳಪು ಹೆಚ್ಚಾದ ಪಿಕ್ಸೆಲ್‌ಗಳನ್ನು ಗುರುತು ಹಾಕಿಕೊಂಡು ಅಲ್ಲಿಗೇ ಹೋಗಿ ಮುಳುಗಿ ನೋಡುತ್ತೇನೆ. ಕಳೆದ ಸಲ ಹನ್ನೊಂದು ಗುರುತು ಹಾಕಿದ್ದೆ. ನಾಲ್ಕು ಕಡೆ ಇದ್ದದ್ದು ಅಲೆ ತಂದು ಹಾಸಿದ ಮರಳು. ಉಳಿದ ಏಳು ಕಡೆ ಹವಳವೇ ಬೆಳ್ಳಗಾಗಿತ್ತು.