ಕ್ಯೂಎಫ್ 4.5 ಇಂಚು ಹೊವಿಟ್ಜರ್: ದೀರ್ಘ ಬಳಕೆಯ ಲೆಕ್ಕದಲ್ಲಿ

ಹೊವಿಟ್ಜರ್ ಎಂದರೆ ಶೆಲ್ಲನ್ನು ಎತ್ತರಕ್ಕೆ ಹಾರಿಸಿ ಮೇಲಿನಿಂದ ಬೀಳಿಸುವ ಫಿರಂಗಿ; ಇದು ಮೊದಲ ಮಹಾಯುದ್ಧದ ಬ್ರಿಟಿಷ್ ಹೊವಿಟ್ಜರ್, ಕ್ಯೂಎಫ್ ಅಂದರೆ ‘ಕ್ವಿಕ್ ಫೈರಿಂಗ್’. ತೂಕ, ನಳಿಗೆಯ ಉದ್ದ, ಚಕ್ರದ ಅಳತೆ ಎಲ್ಲ ಕೈಪಿಡಿಯಲ್ಲಿವೆ, ಇಲ್ಲಿ ಬೇಡ. ಎಳೆಯಲು ಆರೇ ಕುದುರೆಯ ಬಜೆಟ್‌ನಲ್ಲಿ 35 ಪೌಂಡಿನ, ಅಂದರೆ ಸುಮಾರು 16 ಕಿಲೋದ ಶೆಲ್ ಹಾರಿಸಬಹುದು ಅನ್ನುವುದೇ ಕೋವೆಂಟ್ರಿ ಆರ್ಡ್ನೆನ್ಸ್ ವರ್ಕ್ಸ್ ಕಂಪನಿಯ ಈ ಫಿರಂಗಿಯ ಮುಖ್ಯ ಆಕರ್ಷಣೆ. 1914ರಲ್ಲಿ ಒಂದು ಬ್ರಿಟಿಷ್ ಕಾಲಾಳು ಡಿವಿಷನ್ನಿನ 54 ಹದಿನೆಂಟು-ಪೌಂಡರ್ ಫಿರಂಗಿಗಳಿಗೆ ಶ್ರಾಪ್ನೆಲ್, ಅಂದರೆ ಗಾಳಿಯಲ್ಲೇ ಸಿಡಿದು ಗೋಲಿಗಳನ್ನು ಎರಚುವ ಶೆಲ್, ಬಿಟ್ಟರೆ ಬೇರೆ ಶೆಲ್ ಇರಲಿಲ್ಲ. ಬಯಲಲ್ಲಿ ನಿಂತವರ ಮೇಲೆ ಅದು ಸಾಕು, ಕಂದಕದೊಳಗೆ ಕೂತವರಿಗೆ ಅದರ ಬಿಸಿ ಅಷ್ಟಾಗಿ ತಟ್ಟದು. ಅಂಥ ಕಡೆ ಮುಖ್ಯವಾಗಿ ಡಿವಿಷನ್ನಿನಲ್ಲಿದ್ದ ಇಂಥ 18 ಹೊವಿಟ್ಜರ್‌ಗಳೇ ಗತಿ.

ಇದರ ನಿಜವಾದ ಸುಖ ಹಿತ್ತಾಳೆ ತೋಟಾದಲ್ಲಿದೆ. ಶೆಲ್ ಬೇರೆ, ತೋಟಾ ಬೇರೆ. ಮೊದಲು ಶೆಲ್ ಒಳಗಿಟ್ಟು, ಅದರ ತಾಮ್ರದ ಪಟ್ಟಿ ನಳಿಗೆಯ ಗೀರುಗಳನ್ನು ಕಚ್ಚುವ ತನಕ ದಬ್ಬುಗೋಲಿನಿಂದ ಬಲವಾಗಿ ದಬ್ಬಬೇಕು. ಅರೆಮನಸ್ಸಿನಿಂದ ದಬ್ಬಿದರೆ ನಳಿಗೆ ಎತ್ತಿದಾಗ ಶೆಲ್ ಹಿಂದಕ್ಕೆ ಜಾರುತ್ತದೆ, ವೇಗ ಬದಲಾಗುತ್ತದೆ, ಗುರಿ ತಪ್ಪುತ್ತದೆ. ಆಮೇಲೆ ತೋಟಾ. ಅದರೊಳಗಿನ ಕಾರ್ಡೈಟ್, ಅಂದರೆ ಶೆಲ್ಲನ್ನು ದೂಡುವ ಮದ್ದು, ಭಾಗ ಭಾಗವಾಗಿ ಇರುವುದರಿಂದ ಬೇಡದ್ದನ್ನು ತೆಗೆದು ಐದು ಬಗೆಯ ಚಾರ್ಜ್ (ಮದ್ದಿನ ಪ್ರಮಾಣ) ಮಾಡಿಕೊಳ್ಳಬಹುದು. ಅದೇ ದೂರಕ್ಕೆ ಚಿಕ್ಕ ಚಾರ್ಜ್ ಹಾಕಿ ನಳಿಗೆ ಎತ್ತಿದರೆ ಶೆಲ್ ಗುಡ್ಡದ ಹಿಂಬದಿಗೆ ಕಡಿದಾಗಿ ಇಳಿಯುತ್ತದೆ, ನಳಿಗೆಯೂ ಕಡಿಮೆ ಸವೆಯುತ್ತದೆ. ಎಣಿಕೆ ಮಾತ್ರ ತಪ್ಪಬಾರದು: ಒಂದು ಭಾಗ ಹೆಚ್ಚು ತೆಗೆದರೂ ಶೆಲ್ ನಮ್ಮವರ ತಲೆಯ ಮೇಲೇ ಬೀಳಬಹುದು. ತೆಗೆದ ಕಾರ್ಡೈಟನ್ನು ಫಿರಂಗಿಯ ಕಾಲಬುಡದಲ್ಲಿ ಗುಡ್ಡೆ ಹಾಕುವುದು ಬೆಂಕಿಗೆ ಕರೆಕೊಟ್ಟಂತೆ, ಅದನ್ನು ದೂರ ಇಡಲೇಬೇಕು.

ಹಾರಿಸಿದಾಗ ನಳಿಗೆ ಹಿಂದಕ್ಕೆ ಸರಿಯುವ ಹಿನ್ನೆಗೆತದ ಏರ್ಪಾಡೂ ಮೆಚ್ಚುವಂಥದು. ನಳಿಗೆ ಅಡ್ಡಲಾಗಿದ್ದಾಗ ಸುಮಾರು 40 ಇಂಚು ಹಿಂದೆ ಸರಿಯುತ್ತದೆ, 45 ಡಿಗ್ರಿಗೆ ಎತ್ತಿದರೆ ಅದರ ಅರ್ಧದಷ್ಟೇ. ಇಲ್ಲದಿದ್ದರೆ ಹಿಂಭಾಗ ನೆಲಕ್ಕೆ ಬಡಿಯುತ್ತಿತ್ತು. ಅದಕ್ಕಾಗಿ ಗುಂಡಿ ತೋಡುವ ಕೆಲಸ ತಪ್ಪಿತು.

ಇಷ್ಟಕ್ಕೇ ಮರುಳಾಗಬೇಡಿ. ಮೊದಲ ಮಾದರಿಯಾದ ಮಾರ್ಕ್ 1ರಲ್ಲಿ ಬ್ರೀಚ್ ಕಟ್ಟೆ, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ತುಂಡು, ಅಡ್ಡಕ್ಕೆ ಸರಿಯುವ ಚೌಕದ ಮೂಲೆಗಳು ಚೂಪಾಗಿದ್ದವು. ಪ್ರತಿ ಹೊಡೆತದ ಒತ್ತಡವೂ ಆ ಮೂಲೆಗಳಲ್ಲೇ ಕೂಡಿಕೊಂಡು, ದಿನಗಟ್ಟಲೆ ಹಾರಿಸಿದಾಗ ಅಲ್ಲಿಂದ ಬಿರುಕು ಶುರುವಾಗುತ್ತಿತ್ತು. ಮೂಲೆ ದುಂಡಗಾಗಲು 1917ರ ಮಾರ್ಕ್ 2 ಬರಬೇಕಾಯಿತು. ಶಾಂತಿಕಾಲದ ಅಭ್ಯಾಸದಲ್ಲಿ ಹೊಡೆಯುವ ನಾಲ್ಕು ಗುಂಡಿಗೆ ಈ ದೋಷ ಎಲ್ಲಿ ಕಾಣಬೇಕು!

ಅಡ್ಡ ತಿರುಗುವುದು ಎಡಕ್ಕೆ 3, ಬಲಕ್ಕೆ 3 ಡಿಗ್ರಿ. ಅದಕ್ಕಿಂತ ಆಚೆಯ ಗುರಿಯಾದರೆ ಕೆಸರಲ್ಲಿ ಹೂತ ಗಾಡಿಯ ಬಾಲವನ್ನೇ ಮೀಟಿ ಎತ್ತಬೇಕು, ಮತ್ತೆ ಡಯಲ್ ಸೈಟ್ ಎಂಬ ಗುರಿಸಾಧನ ಕೂಡಿಸಬೇಕು. ಚಕ್ರದ ಕೆಳಗೆ ಹಲಗೆ ಹಾಸದಿದ್ದರೆ ಒಂದು ಬದಿ ಕುಸಿದು, ಶೆಲ್ ಆ ಬದಿಗೇ ವಾಲುತ್ತದೆ.

ಶೆಲ್ಲನ್ನು ಸಿಡಿಸುವ ಫ್ಯೂಸ್ ವಿಷಯದಲ್ಲೂ ಕಾಯಬೇಕಾಯಿತು. ಮೊದಲಿನವು ತುಸು ತಡವಾಗಿ ಸಿಡಿಯುತ್ತಿದ್ದರಿಂದ ಶೆಲ್ ಮೆದುನೆಲದಲ್ಲಿ ಹೂತು, ಮುಳ್ಳುತಂತಿಗೆ ಬೀಳಬೇಕಾದ ಪೆಟ್ಟು ಮಣ್ಣುಪಾಲಾಗುತ್ತಿತ್ತು. 1917ರಲ್ಲಿ ಬಳಕೆಗೆ ಬಂದ 106ನೇ ಫ್ಯೂಸ್ ತಾಕಿದ ಕ್ಷಣವೇ ಸಿಡಿದು ತಂತಿ ಕತ್ತರಿಸಿತು, ದೊಡ್ಡ ಗುಂಡಿಯೂ ಬೀಳಲಿಲ್ಲ.

ರಿಪೇರಿಗೆ ಬಗ್ಗದ ಕೊರತೆ ಒಂದೇ, ದೂರ. ಗರಿಷ್ಠ ಸುಮಾರು 6,700 ಮೀಟರ್. ಜರ್ಮನ್ನರ 10.5 ಸೆಂ.ಮೀ. ‘ಹಗುರ ಹೊವಿಟ್ಜರ್ 16’ರ ಶೆಲ್ ಒಂಬತ್ತು ಸಾವಿರ ಮೀಟರ್ ದಾಟುತ್ತಿತ್ತು. ಆದರೂ ಬ್ರಿಟಿಷರು ಇದಕ್ಕೆ ರಬ್ಬರ್ ಟೈರ್ ಹಾಕಿಸಿ 1940ರಲ್ಲಿ ಫ್ರಾನ್ಸ್‌ಗೂ ಒಯ್ದರು. ಗಾಳಿ ಟೈರಿನಿಂದ ಲಾರಿ ಹಿಂದೆ ಓಡುವ ವೇಗ ಹೆಚ್ಚಿತು, ಶೆಲ್ ಹೋಗುವ ದೂರ ಹೆಚ್ಚಲಿಲ್ಲ. ಐದಕ್ಕೆ ಮಾರ್ಕ್ 2ಕ್ಕೆ ಮೂರೂವರೆ ಅಂಕ. ಮಾರ್ಕ್ 1ಕ್ಕೆ ಎರಡೂವರೆ, ಅದೂ ಬ್ರೀಚಿನ ಮೂಲೆಗಳ ಗ್ರೀಸ್ ಒರೆಸಿ ಬಿರುಕಿಲ್ಲವೆಂದು ನೋಡಿದ ಮೇಲೆ.